ಮೊದಲ ಮಲಗೂ ಊರು ಬರೀರಿ: ಕಣಗಲಾದಿಂದ ಹಾನ್ಲೆಗೆ ಐವರು

ಪ್ಲಾನ್ ಮೊದಲು ಬಂದದ್ದು ಗೋಕಾಕದ ಗೆಳೆಯನಿಂದ, ವಾಟ್ಸಾಪ್‌ನಲ್ಲಿ. ಏಳು ದಿನದ ಲಡಾಖ್. ದಿಲ್ಲಿಯಿಂದ ವಿಮಾನದಲ್ಲಿ ನೇರ ಲೇಹ್, ಮರುದಿನವೇ ಖರ್ದುಂಗ್ ಲಾ, ಆಮೇಲೆ ನುಬ್ರಾ, ಪ್ಯಾಂಗಾಂಗ್, ಹಾನ್ಲೆ, ಉಮ್ಲಿಂಗ್ ಲಾ, ವಾಪಸ್. ಪ್ರತಿ ಜಾಗದ ಮುಂದೆ ಒಂದೊಂದು ರೀಲ್‌ನ ಲಿಂಕ್ ಬೇರೆ. ನೋಡಿದವರ ಬಾಯಲ್ಲಿ ನೀರೂರಬೇಕು, ಹಾಗಿತ್ತು.

ನಮ್ಮ ವೈನಿ ಅದನ್ನು ಓದಿ ಒಂದೇ ಪ್ರಶ್ನೆ ಕೇಳಿದರು: "ಇದರಾಗ ರಾತ್ರಿ ಮಲಗೂದು ಎಲ್ಲೆಲ್ಲಿ? ಮೊದಲ ಮಲಗೂ ಊರು ಬರೀರಿ, ಅದರ ಮುಂದ ಎತ್ತರ ಬರೀರಿ. ನೋಡೂದು ಆಮ್ಯಾಲೆ."

ವೈನಿ ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಹನ್ನೆರಡು ವರ್ಷ ನೈಟ್ ಡ್ಯೂಟಿ ಮಾಡಿದವರ ಪ್ರಶ್ನೆಗೆ ಗ್ರೂಪ್‌ನಲ್ಲಿ ಯಾರೂ ಇಮೋಜಿ ಹಾಕಲಿಲ್ಲ.

ನಾವು ಐದು ಜನ. ಅಣ್ಣ, ಕಣಗಲಾದ ಎಚ್‌ಎಲ್‌ಎಲ್ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ವೈನಿ. ಪುಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ದಿನ ಕಳೆಯುವ ನಾನು. ದಿನಾ ಬೆಳಗ್ಗೆ ಹತ್ತು ಕಿಲೋಮೀಟರ್ ಓಡುವ ಗೋಕಾಕದ ಗೆಳೆಯ. ಐದನೆಯವರು ನಮ್ಮ ಸೋದರಮಾವ. ಮೂಡಲಗಿಯವರು, ನಿವೃತ್ತ ವಿಜ್ಞಾನ ಮಾಸ್ತರು. ವಯಸ್ಸು 61, ದಿನಕ್ಕೊಂದು ಬಿಪಿ ಗುಳಿಗೆ. ಐದೇ ಜನ ಯಾಕೆ ಅಂದರೆ ಒಂದು ಗಾಡಿಯಲ್ಲಿ ಬ್ಯಾಗು, ಆಕ್ಸಿಜನ್ ಸಿಲಿಂಡರ್ ಇಟ್ಟು ಆರಾಮಾಗಿ ಕೂರುವುದು ಅಷ್ಟೇ ಮಂದಿ.

ಕಣಗಲಾದವರಿಗೆ ಎತ್ತರ ಅಂದರೆ ತವಂದಿ ಘಾಟ್. ಹೈವೇದಲ್ಲಿ ಲಾರಿಗಳು ಏದುಸಿರು ಬಿಡುತ್ತ ಹತ್ತುತ್ತವಲ್ಲ, ಅದೇ. ಅದು ಸಮುದ್ರಮಟ್ಟದಿಂದ ಸಾವಿರ ಮೀಟರೂ ಇಲ್ಲ. ಲೇಹ್ ಪಟ್ಟಣ 3,500 ಮೀಟರ್. ಹಾನ್ಲೆ ಹಳ್ಳಿ ಸುಮಾರು 4,300.

ಅಲ್ಲಿ ಆಕ್ಸಿಜನ್ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ಮಾವ ಮಾಸ್ತರಿಕೆ ಬಿಡದೆ ತಿದ್ದಿದರು: ಗಾಳಿಯಲ್ಲಿ ಆಕ್ಸಿಜನ್ ಪಾಲು ಅಲ್ಲೂ ಶೇ 21ರಷ್ಟೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಲೇಹ್‌ನಲ್ಲಿ ಅದು ಸಮುದ್ರಮಟ್ಟದ ಸುಮಾರು ಮೂರನೇ ಎರಡರಷ್ಟು, ಹಾನ್ಲೆಯಲ್ಲಿ ಇನ್ನೂ ಕಡಿಮೆ. ಒಂದೇ ಉಸಿರಿನಲ್ಲಿ ಒಳಗೆ ಹೋಗುವ ಮಾಲು ಕಡಿಮೆ. ಮೈ ಇದಕ್ಕೆ ಒಗ್ಗುತ್ತದೆ, ಆದರೆ ಟೈಮ್ ಕೇಳುತ್ತದೆ. 3,000 ಮೀಟರ್ ದಾಟಿದ ಮೇಲೆ ಒಂದು ರಾತ್ರಿಯಿಂದ ಇನ್ನೊಂದು ರಾತ್ರಿಗೆ ಮಲಗುವ ಎತ್ತರ 500 ಮೀಟರ್‌ಗಿಂತ ಹೆಚ್ಚು ಏರಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ಸುಮ್ಮನಿರಬೇಕು ಎಂಬುದು ಪರ್ವತ ವೈದ್ಯರ ಸಾಮಾನ್ಯ ಸಲಹೆ. ಹಗಲು ಎತ್ತರದ ಪಾಸ್ ದಾಟಿ ಬಂದು ರಾತ್ರಿ ಕೆಳಗೆ ಮಲಗಿದರೆ ಅಷ್ಟು ತೊಂದರೆ ಇಲ್ಲ. ಅದಕ್ಕೇ ವೈನಿ "ಮಲಗೂ ಊರು" ಅಂದದ್ದು.

ಈ ಲೆಕ್ಕದಲ್ಲಿ ಗೆಳೆಯನ ಏಳು ದಿನದ ಪ್ಲಾನ್ ನಿಲ್ಲಲೇ ಇಲ್ಲ.

ಹಾನ್ಲೆಯೇ ಯಾಕೆ?

ಮಾವನ ಸಲುವಾಗಿ. ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಆಕಾಶಗಂಗೆ ಬರೆದವರು. "ಸುಣ್ಣದ ಕಡ್ಡೀಲೆ ಬರದದ್ದು ಸಾಕು, ಒಮ್ಮೆ ಖರೇನ ನೋಡಬೇಕು" ಅನ್ನುತ್ತಿದ್ದರು. ಹಾನ್ಲೆ ಇರುವುದು ಲಡಾಖ್‌ನ ಪೂರ್ವಕ್ಕೆ, ಚಾಂಗ್‌ಥಾಂಗ್‌ನಲ್ಲಿ. ಅದು ಟಿಬೆಟ್ ಪ್ರಸ್ಥಭೂಮಿಯೇ ನಮ್ಮ ದೇಶದೊಳಗೆ ಚಾಚಿಕೊಂಡ ತುದಿ. ಮಳೆ ಕಡಿಮೆ, ಗಾಳಿ ಒಣ, ಸುತ್ತ ದೀಪಗಳಿಲ್ಲ. ಹೀಗಾಗಿ ಅಲ್ಲಿ 4,500 ಮೀಟರ್ ಎತ್ತರದ ಗುಡ್ಡದ ಮೇಲೆ ಭಾರತೀಯ ಖಗೋಳ ವೀಕ್ಷಣಾಲಯವಿದೆ. ಅದನ್ನು ನಡೆಸುವುದು ನಮ್ಮ ಬೆಂಗಳೂರಿನ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ. ಅಲ್ಲಿರುವ ಎರಡು ಮೀಟರ್‌ನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಕೂತು, ಉಪಗ್ರಹದ ಸಂಪರ್ಕದಿಂದ ತಿರುಗಿಸುತ್ತಾರೆ. ಹೊಸಕೋಟೆ ದಾಟಿ ಕೋಲಾರದ ಕಡೆ ಹೋಗುವ ಎಷ್ಟು ಜನಕ್ಕೆ ಇದು ಗೊತ್ತೋ!

2022ರ ಕೊನೆಗೆ ಹಾನ್ಲೆಯ ಸುತ್ತಲಿನ ಪ್ರದೇಶವನ್ನು ಕತ್ತಲ ಆಕಾಶದ ಮೀಸಲು ಪ್ರದೇಶ ಅಂತ ಘೋಷಿಸಿದರು. ಹಳ್ಳಿಯವರಿಗೇ ತರಬೇತಿ ಕೊಟ್ಟು, ದೂರದರ್ಶಕ ಕೊಟ್ಟಿದ್ದಾರೆ. ಹೋಂಸ್ಟೇದಲ್ಲಿ ಉಳಿದವರಿಗೆ ಅವರೇ ಆಕಾಶ ತೋರಿಸುತ್ತಾರೆ. ರಾತ್ರಿ ಗಾಡಿಯ ಹೆಡ್‌ಲೈಟ್ ಹಾಕಿದರೆ ಬೈಸಿಕೊಳ್ಳುತ್ತೀರಿ, ನೆನಪಿರಲಿ.

ದಿನ ಹುಡುಕುವುದೇ ದೊಡ್ಡ ಪಂಚಾಯ್ತಿ

2024ರ ಸೆಪ್ಟೆಂಬರ್ 7ಕ್ಕೆ ಗಣಪತಿ. ನಮ್ಮ ಕಡೆ ಗಣಪತಿ ಬಿಟ್ಟು ಯಾರೂ ಊರು ಬಿಡುವುದಿಲ್ಲ. ಅನಂತ ಚತುರ್ದಶಿಗೆ ಗಣಪತಿ ಕಳಿಸಿದ ಮರುದಿನವೇ ಹುಣ್ಣಿಮೆ, ಅಂದರೆ ಆಕಾಶದಲ್ಲಿ ಬೆಳಕೋ ಬೆಳಕು. ನಕ್ಷತ್ರ ನೋಡಬೇಕಾದವರಿಗೆ ಅಮಾವಾಸ್ಯೆ ಬೇಕು. ಅದು ಬರುವುದು ಅಕ್ಟೋಬರ್ 2ಕ್ಕೆ, ಮಾನೌಮಿ ಅಮಾಸಿ. ಅದರ ಹಿಂದಿನ ಹದಿನೈದು ದಿನ ಪಿತೃಪಕ್ಷ.

ಅವ್ವ ಕೇಳಿದಳು: "ಪಕ್ಷದಾಗ ಹೊರಡೂದು, ಅಮಾಸಿಗೆ ಗುಡ್ಡದ ಮ್ಯಾಲ ಕೂಡೂದು. ಬ್ಯಾರೆ ದಿನಾನ ಸಿಗಲಿಲ್ಲೇನ?"

ಮಾವ ಇನ್ನೊಂದು ಬಾಂಬ್ ಹಾಕಿದರು. ಆ ವಾರವೇ ಧೂಮಕೇತು ಬರುತ್ತದೆ. ಸುಚಿನ್‌ಶಾನ್–ಅಟ್ಲಾಸ್ ಅದರ ಹೆಸರು, 2023ರಲ್ಲಿ ಕಂಡುಹಿಡಿದದ್ದು. ಸೆಪ್ಟೆಂಬರ್ 27ಕ್ಕೆ ಸೂರ್ಯನ ಹತ್ತಿರ ಹೋಗಿ, ತಿಂಗಳ ಕೊನೆಗೆ ಬೆಳಗಿನ ಜಾವ ಪೂರ್ವದಲ್ಲಿ ಬರಿಗಣ್ಣಿಗೆ ಕಾಣಬಹುದು. ಸೂರ್ಯನ ಹತ್ತಿರ ಒಡೆದು ಚೂರಾಗಲೂಬಹುದು ಅಂತ ಕೆಲವು ವಿಜ್ಞಾನಿಗಳು ಬರೆದಿದ್ದರು. ಪಕ್ಷ, ಅಮಾಸಿ, ಅದರ ಮೇಲೆ ಧೂಮಕೇತು. ಅವ್ವ ಎರಡು ದಿನ ತಮ್ಮನ ಜೊತೆ ಮಾತು ಬಿಟ್ಟಳು. ಮೂರನೇ ದಿನ ಶೇಂಗಾ ಹೋಳಿಗೆ ಎಷ್ಟು ಕಟ್ಟಲಿ ಅಂತ ಕೇಳಿದಳು. ಅಲ್ಲಿಗೆ ಪರವಾನಗಿ ಸಿಕ್ಕಿತು.

ಮಾವನ ಬಿಪಿ ಮಾತ್ರ ಹೋಳಿಗೆಯಿಂದ ಬಗೆಹರಿಯುವಂಥದ್ದಲ್ಲ. ಡಾಕ್ಟರು ಇಸಿಜಿ ತೆಗೆಸಿದರು, ಎರಡು ತಿಂಗಳ ಬಿಪಿ ಬರೆದಿಡಲು ಹೇಳಿದರು. ಹತೋಟಿಯಲ್ಲಿದ್ದರೆ ಹೋಗಬಹುದು, ಆದರೆ ವಿಮಾನದಲ್ಲಿ ನೇರವಾಗಿ ಇಳಿಯಬೇಡಿ, ನಿಧಾನ ಏರಿ ಅಂದರು. ಎತ್ತರಕ್ಕೆ ಹೋದ ಮೊದಲ ದಿನಗಳಲ್ಲಿ ಬಿಪಿ ಏರುವುದುಂಟು. ಎತ್ತರಕ್ಕೆ ಒಗ್ಗಲು ಕೊಡುವ ಅಸೆಟಝೋಲಮೈಡ್ ಗುಳಿಗೆಯ ಬಗ್ಗೆ ಅವರ ಹತ್ತಿರವೇ ಕೇಳಿಕೊಂಡೆವು. ಸಲ್ಫಾ ಔಷಧ ಆಗದವರಿಗೆ ಅದು ಆಗದಿರಬಹುದು. ಹಾಗಾಗಿ ಮೆಡಿಕಲ್ ಶಾಪಿನಲ್ಲಿ ಸ್ವಂತ ಬುದ್ಧಿಯಿಂದ ಕೊಳ್ಳುವಂಥದ್ದಲ್ಲ ಅದು.

ಆಗಸ್ಟಿನ ಒಂದು ಭಾನುವಾರ ಮುಂಡಗೋಡಕ್ಕೂ ಹೋಗಿ ಬಂದೆವು. 1966ರಿಂದ ಅಲ್ಲಿ ಟಿಬೆಟನ್ನರ ಕ್ಯಾಂಪ್ ಇದೆ. ಡ್ರೆಪುಂಗ್, ಗಾಂದೆನ್ ಮಠಗಳು ಇವೆ. ಚಳಿಗಾಲದಲ್ಲಿ ಬೆಳಗಾವಿಯಲ್ಲಿ ಸ್ವೆಟರ್ ಮಾರಲು ಬರುವ ಒಬ್ಬ ಅಕ್ಕ ವೈನಿಗೆ ಪರಿಚಯ. ಅವರು ತುಕ್ಪಾ ಮುಂದಿಟ್ಟು ಹೇಳಿದರು: "ನಾನೇ ಇಲ್ಲಿ ಹುಟ್ಟಿದ್ದು. ಲೇಹ್‌ಗೆ ಹೋದರೆ ಎರಡು ದಿನ ಎಲ್ಲೂ ಹೋಗಲ್ಲ, ಸುಮ್ಮನೆ ಮಲಗ್ತೀನಿ. ನೀವು ಯಾಕೆ ಓಡ್ತೀರಿ?" ಎತ್ತರದಲ್ಲಿ ಬದುಕಲು ಅನುಕೂಲವಾಗುವ ಜೀನ್ ಟಿಬೆಟನ್ನರಲ್ಲಿ ಇದೆ ಅಂತ 2010ರಲ್ಲಿ ಸಂಶೋಧಕರು ಪ್ರಕಟಿಸಿದ್ದಾರೆ. ಆ ಜನವೇ ಎರಡು ದಿನ ಮಲಗುವುದಾದರೆ ಹುಕ್ಕೇರಿ ತಾಲೂಕಿನವರು ಎಷ್ಟು ಮಲಗಬೇಕು, ನೀವೇ ಹೇಳಿ.

ಮೂರು ಹಾದಿ, ಒಂದು ಕಾಗದ

ಲೇಹ್‌ಗೆ ಹೋಗಲು ಮೂರು ದಾರಿ. ವಿಮಾನ ಸಲೀಸು, ಆದರೆ ಎರಡು ತಾಸಿನೊಳಗೆ ದಿಲ್ಲಿಯ ಬಯಲಿನಿಂದ 3,500 ಮೀಟರ್‌ಗೆ ಎತ್ತಿ ಒಗೆಯುತ್ತದೆ. ಮನಾಲಿಯಿಂದ ರಸ್ತೆ ಚೆಂದ, ಬೈಕಿನವರ ಕನಸಿನ ದಾರಿ. ಆದರೆ ಆ ದಾರಿಯಲ್ಲಿ ಬಹಳ ಜನ ರಾತ್ರಿ ಉಳಿಯುವ ಸರ್ಚು 4,300 ಮೀಟರ್ ಹತ್ತಿರ, ಲೇಹ್‌ಗಿಂತಲೂ ಎತ್ತರ. ಮೈ ಒಗ್ಗುವ ಮೊದಲೇ ಅಲ್ಲಿ ಮಲಗಬೇಕು. ಶ್ರೀನಗರದಿಂದ ಹೋದರೆ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಏರಬಹುದು.

ಕೊನೆಗೆ ವೈನಿಯ ಕಾಗದ ಹೀಗಾಯಿತು: ಸೆಪ್ಟೆಂಬರ್ 22 ಶ್ರೀನಗರ, 1,600 ಮೀಟರ್. 23 ಕಾರ್ಗಿಲ್, 2,700. 24 ಆಲ್ಚಿ, 3,100. 25ರಿಂದ ನಾಲ್ಕು ರಾತ್ರಿ ಲೇಹ್, 3,500. 29 ಸಿಂಧೂ ನದಿ ದಂಡೆಯ ಚುಮಾಥಾಂಗ್, ಸುಮಾರು 4,000. ಸೆಪ್ಟೆಂಬರ್ 30 ಮತ್ತು ಅಕ್ಟೋಬರ್ 1 ಹಾನ್ಲೆ. ವಾಪಸ್ ಲೇಹ್, 4ಕ್ಕೆ ವಿಮಾನ. ಒಟ್ಟು 13 ದಿನ. ನುಬ್ರಾ, ಪ್ಯಾಂಗಾಂಗ್, ಉಮ್ಲಿಂಗ್ ಲಾ ಎಲ್ಲ ಹೋದವು. ಗೆಳೆಯ ಒಂದು ವಾರ ಮುಖ ಸಪ್ಪಗೆ ಮಾಡಿಕೊಂಡಿದ್ದ. ಅಣ್ಣನಿಗೆ ಅಷ್ಟು ರಜೆ ಹೊಂದಿಸಲು ಮೂರು ತಿಂಗಳ ವಾರದ ರಜೆ ಅದಲು ಬದಲು ಮಾಡಬೇಕಾಯಿತು.

ಕಾಗದದ ಹಿಂಬದಿಯಲ್ಲಿ ಕರಾರುಗಳು. ಇದನ್ನು ಪೂರ್ತಿ ಬರೆಯುತ್ತೇನೆ, ನಿಮ್ಮ ಗ್ರೂಪ್‌ಗೆ ಬೇಕಾಗಬಹುದು.

ದಿನಾ ಸಂಜೆ ಎಲ್ಲರೂ ಲೆಕ್ಕ ಒಪ್ಪಿಸಬೇಕು. ತಲೆನೋವು, ವಾಕರಿಕೆ, ಸುಸ್ತು, ತಲೆಸುತ್ತು, ನಾಲ್ಕಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ವೈದ್ಯರು ಇದಕ್ಕೆ ಲೇಕ್ ಲೂಯೀಸ್ ಸ್ಕೋರ್ ಅನ್ನುತ್ತಾರೆ. ತಲೆನೋವೂ ಇದ್ದು ಒಟ್ಟು ಮೂರು ಅಥವಾ ಅದಕ್ಕಿಂತ ಹೆಚ್ಚಾದರೆ ಅದು ಎತ್ತರದ ಕಾಯಿಲೆ, ಮುಂದೆ ಏರುವಂತಿಲ್ಲ. ಆರಾಮ ಮಾಡಿದರೂ ಹೆಚ್ಚಾಗುತ್ತ ಹೋದರೆ ಇಳಿಯಬೇಕು. ಕೂತಲ್ಲೇ ಏದುಸಿರು, ಕೆಮ್ಮಿನಲ್ಲಿ ನೊರೆ, ಅಥವಾ ನೆಲದ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯಲು ಆಗದಿರುವುದು: ಈ ಮೂರರಲ್ಲಿ ಒಂದು ಕಂಡರೂ ಮಾತುಕತೆ ಇಲ್ಲ, ಆ ಕ್ಷಣವೇ ಇಳಿಯುವುದು. ಅದು ನೀರು ಶ್ವಾಸಕೋಶಕ್ಕೋ ಮೆದುಳಿಗೋ ಇಳಿದ ಲಕ್ಷಣ, ಜೀವಕ್ಕೇ ಕುತ್ತು. ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ 85 ಕಂಡರೆ ಅಲ್ಲಿ ಗಾಬರಿ ಬೇಡ, ಆ ಎತ್ತರದಲ್ಲಿ ಅದು ಸಹಜ. ಹಾಗೆಯೇ 90 ಇದೆ ಅಂತ ವಾಂತಿ ಮಾಡುವವನನ್ನು ಕೂರಿಸಿಕೊಳ್ಳುವುದೂ ಬೇಡ.

ಒಬ್ಬರು ಇಳಿದರೆ ಐವರೂ ಇಳಿಯುವುದು. ಓಟು ಹಾಕುವಂತಿಲ್ಲ, ತೀರ್ಮಾನ ವೈನಿಯದು. ವೈನಿಗೇ ಆರಾಮ ತಪ್ಪಿದರೆ ಅಣ್ಣನದು. ಹಾಳಾದ ಬುಕಿಂಗ್ ದುಡ್ಡು ಐದು ಪಾಲು. ಇಳಿಯುವ ಖರ್ಚಿಗೆಂದೇ ತಲೆಗೆ ನಾಲ್ಕು ಸಾವಿರ ಬೇರೆ ಎತ್ತಿಟ್ಟೆವು. ಮೊದಲ ನಾಲ್ಕೈದು ದಿನ ಗುಂಡು ಇಲ್ಲ, ನಿದ್ದೆ ಗುಳಿಗೆ ಇಲ್ಲ.

ಹಾನ್ಲೆಯ ಕೊರತೆ ಏನೆಂದರೆ, ಅಲ್ಲಿಂದ ಬೇಗ ಕೆಳಗೆ ಇಳಿಯಲು ಕೆಳಗು ಅನ್ನುವುದೇ ಹತ್ತಿರದಲ್ಲಿಲ್ಲ. ನ್ಯೋಮಾ 4,000ದ ಮೇಲೆ, ಚುಮಾಥಾಂಗ್ 4,000. ನಿಜವಾಗಿ ಇಳಿದಂತಾಗುವುದು ಉಪ್ಶಿಯಲ್ಲಿ, ಐದಾರು ತಾಸಿನ ದಾರಿ. ಅದಕ್ಕೇ ಗಾಡಿ ಮತ್ತು ಡ್ರೈವರ್ ರಾತ್ರಿ ನಮ್ಮ ಜೊತೆಗೇ ಇರಬೇಕು, ಟ್ಯಾಂಕ್ ತುಂಬಿರಬೇಕು, ಸಿಲಿಂಡರ್ ಒಳಗಿರಬೇಕು ಅಂತ ಲೇಹ್‌ನಲ್ಲೇ ಮಾತಾಡಿಕೊಂಡೆವು.

ಉಳಿದದ್ದು ಚಿಲ್ಲರೆ. ಬೇರೆ ರಾಜ್ಯದ ಪ್ರಿಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಗಡಿ ಕಡೆಯ ಊರುಗಳಿಗೆ ಆನ್‌ಲೈನ್‌ನಲ್ಲಿ ಶುಲ್ಕ ಕಟ್ಟಿ ಕಾಗದ ತೆಗೆದು ನಾಲ್ಕೈದು ಪ್ರಿಂಟ್ ಇಟ್ಟುಕೊಳ್ಳಿ. ನಿಯಮ ಆಗಾಗ ಬದಲಾಗುತ್ತವೆ, ಹೊರಡುವ ವಾರ ಮತ್ತೊಮ್ಮೆ ನೋಡಿ. ನಗದು ಇರಲಿ. ಖರ್ಚು ನಮಗೆ ತಲೆಗೆ 55 ಸಾವಿರದ ಹತ್ತಿರ ಬಂತು. ತಿನ್ನಲು ಗೋಕಾಕದ ಕರದಂಟು ಎರಡು ಕಿಲೋ ಒಯ್ದಿದ್ದೆವು. ಎತ್ತರದಲ್ಲಿ ಹಸಿವು ಸಾಯುತ್ತದೆ, ಅನ್ನ ಸೇರದು, ಕರದಂಟು ಮಾತ್ರ ಹೇಗೋ ಇಳಿಯುತ್ತದೆ. ಕಟಕ ರೊಟ್ಟಿ ಕಾರ್ಗಿಲ್ ಹೊತ್ತಿಗೆ ಪುಡಿಯಾಗಿತ್ತು. ಶೇಂಗಾ ಹಿಂಡಿ ಕಲಸಿ ಚಮಚದಿಂದ ತಿಂದೆವು.

ಲೇಹ್‌ವರೆಗೆ ಹೇಳುವಂಥದ್ದು ಹೆಚ್ಚಿಲ್ಲ. ಶ್ರೀನಗರದಲ್ಲಿ ವಿಧಾನಸಭೆ ಚುನಾವಣೆಯ ಗಡಿಬಿಡಿ. ಆಲ್ಚಿಯ ಹಳೆಯ ಭಿತ್ತಿಚಿತ್ರಗಳ ಮುಂದೆ ಮಾವ ಒಂದು ತಾಸು ನಿಂತರು. ಲೇಹ್ ಹತ್ತಿರದ ಒಂದು ಗೊಂಪಾದಲ್ಲಿ ನಾವು ನಮ್ಮ ಭಾಷೆಯಲ್ಲೇ ಜಗಳಾಡುತ್ತ ಮೆಟ್ಟಿಲು ಹತ್ತುತ್ತಿದ್ದಾಗ, ಎದುರಿಗೆ ಬಂದ ತರುಣ ಭಿಕ್ಷು ನಿಂತು "ಯಾವೂರ್ರಿ?" ಅಂದ. ಐವರೂ ಬಾಯಿ ತೆರೆದುಕೊಂಡು ನಿಂತೆವು. ಮುಂಡಗೋಡದಲ್ಲಿ ಒಂಬತ್ತು ವರ್ಷ ಓದಿದವನಂತೆ. ಲಡಾಖ್‌ನ ಎಷ್ಟೋ ಹುಡುಗರು ಓದಲು ನಮ್ಮ ಕರ್ನಾಟಕದ ಮಠಗಳಿಗೇ ಬರುತ್ತಾರೆ. ಮಿರ್ಚಿ ಭಜಿ ನೆನಪಾಗುತ್ತದೆ ಅಂದ. ಕರದಂಟು ಕೊಟ್ಟೆವು.

ದಿನಾ ಸಂಜೆಯ ಲೆಕ್ಕದಲ್ಲಿ ಮಾವನದು ಸೊನ್ನೆ, ಒಂದು. ಬಿಪಿಯೂ ಮಾತು ಕೇಳಿತು. ಚುಮಾಥಾಂಗ್‌ನಲ್ಲಿ ಬಿಸಿನೀರಿನ ಬುಗ್ಗೆಯ ಹತ್ತಿರ ಕೂತು ಲೆಕ್ಕ ಕೇಳಿದಾಗ ಗೆಳೆಯ "ತಲಿನೋವು ಒಂದ್ರಿ ವೈನಿ, ಉಳದದ್ದು ಸೊನ್ನೆ" ಅಂದ.

ಸೆಪ್ಟೆಂಬರ್ 30ರ ಮಧ್ಯಾಹ್ನ ಹಾನ್ಲೆ. ಗುಡ್ಡದ ಮೇಲೆ ವೀಕ್ಷಣಾಲಯದ ಗುಮ್ಮಟ, ಇನ್ನೊಂದು ಕಡೆ 21 ಮೀಟರ್ ಅಗಲದ ಕನ್ನಡಿಗಳ ತಟ್ಟೆಯಂಥ ಮೇಸ್ ದೂರದರ್ಶಕ. ಅದರ ಉದ್ಘಾಟನೆ ಆ ವಾರವೇ, ಅಕ್ಟೋಬರ್ 4ಕ್ಕೆ. ರಾತ್ರಿ ಎಂಟಕ್ಕೆ ಹೋಂಸ್ಟೇದ ಹುಡುಗಿ ದೂರದರ್ಶಕ ಹೊರಗಿಟ್ಟು ಕರೆದಳು. ಚಳಿ ಸೊನ್ನೆಗಿಂತ ಕೆಳಗೆ. ತಲೆ ಎತ್ತಿದರೆ ಆಕಾಶಗಂಗೆ ಗುಡ್ಡದಿಂದ ಗುಡ್ಡಕ್ಕೆ. ನಮ್ಮ ಹೊಲದಲ್ಲಿ ಕಾಣುವಂತೆ ಮಸುಕು ಪಟ್ಟಿ ಅಲ್ಲ, ಒಳಗಿನ ಕಪ್ಪು ಬಿರುಕುಗಳೂ ಕಾಣುತ್ತಿದ್ದವು. ಮಾವ ದೂರದರ್ಶಕದ ಹತ್ತಿರ ಹೋಗಲೇ ಇಲ್ಲ. ಬರಿಗಣ್ಣಿನಿಂದಲೇ ನೋಡುತ್ತ ನಿಂತರು. ಸ್ವಲ್ಪ ಹೊತ್ತಿಗೆ ಕನ್ನಡಕ ತೆಗೆದು ಒರೆಸಿಕೊಂಡರು. ಬೆಳಗ್ಗೆ ನಾಲ್ಕೂವರೆಗೆ ಅಲಾರಂ ಇಟ್ಟೆವು, ಧೂಮಕೇತು ಏಳುವುದು ಐದರ ಸುಮಾರು.

ಎರಡು ಗಂಟೆಗೆ ಅಣ್ಣ ಎಬ್ಬಿಸಿದ. ಗೆಳೆಯ ಮೂರು ಸಲ ವಾಂತಿ ಮಾಡಿಕೊಂಡಿದ್ದ. ತಲೆ ಒಡೆಯುತ್ತಿದೆ ಅಂತ ಗೋಡೆಗೆ ಒತ್ತಿ ಕೂತಿದ್ದ. ಐವರಲ್ಲಿ ಗಟ್ಟಿ ಆಳು ಅವನೇ. ಫಿಟ್ ಇದ್ದವರಿಗೆ ಎತ್ತರದ ಕಾಯಿಲೆ ಬರುವುದಿಲ್ಲ ಅನ್ನುವುದು ಸುಳ್ಳು. ಯಾರಿಗೆ ಬರುತ್ತದೆ ಅಂತ ಓಟದಿಂದ ತಿಳಿಯುವುದಿಲ್ಲ. ವೈನಿ ಆಕ್ಸಿಜನ್ ಹಚ್ಚಿ ಒಂದು ತಾಸು ನೋಡಿದರು. ವಾಂತಿ ನಿಲ್ಲಲಿಲ್ಲ. ಎಬ್ಬಿಸಿ ಗೆರೆಯ ಮೇಲೆ ನಡೆಸಿದರು. ನಡೆದ, ಆದರೆ ಕೊನೆಯ ಎರಡು ಹೆಜ್ಜೆಗೆ ಗೋಡೆ ಹಿಡಿದ.

"ಗಾಡಿ ತಗೀರಿ" ಅಂದರು ವೈನಿ.

ಆಗ ಅವನು ಬಾಯಿ ಬಿಟ್ಟ. ಚುಮಾಥಾಂಗ್‌ನಲ್ಲಿ ತಲೆನೋವು ಒಂದಲ್ಲ, ಎರಡಿತ್ತು, ವಾಕರಿಕೆಯೂ ಇತ್ತು. ಹೇಳಿದರೆ ಗಾಡಿ ಅಲ್ಲೇ ನಿಲ್ಲುತ್ತಿತ್ತು. "ಮಾವಾರದು ಧೂಮಕೇತು ನನ್ನ ಸಲುವಾಗಿ ತಪ್ಪಬಾರದಿತ್ರಿ" ಅಂದ. ವೈನಿ ಕೈ ಎತ್ತಿದ್ದೊಂದು ಬಾಕಿ. ಮಾವ ಅವನ ಸ್ವೆಟರಿನ ಗುಂಡಿ ಹಾಕುತ್ತ, "ಲೇ ಹುಚ್ಚಪ್ಯಾ, ಅದು ಮತ್ತ ಬರತೈತಿ. ನಡಿ" ಅಂದರು. ಅದು ಮತ್ತೆ ಬರುವಂಥದ್ದಲ್ಲ ಅಂತ ಮೂರು ತಿಂಗಳಿಂದ ನಮಗೆಲ್ಲ ಹೇಳುತ್ತ ಬಂದವರು ಅವರೇ.

ಮೂರೂವರೆಗೆ ಹೊರಟೆವು. ಹಾನ್ಲೆಯಿಂದ ಲೋಮಾ ಕಡೆಗೆ ರಸ್ತೆ ಉತ್ತರಕ್ಕೆ ಹೋಗುತ್ತದೆ, ಪೂರ್ವ ಬಲಕ್ಕೆ. ಮಾವ ನಡುವಿನ ಸೀಟಿನಲ್ಲಿ ಬಲಗಿಟಕಿಗೆ ಕೂತಿದ್ದರು. ಐದು ಗಂಟೆಯಾಯಿತು. ಬಲಗಡೆ ಗುಡ್ಡದ ಸಾಲಿನ ಹಿಂದೆ ಆಕಾಶ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಒಂದೆರಡು ನಿಮಿಷ ಗಾಡಿ ನಿಲ್ಲಿಸಿ ಅಂತ ಮಾವ ಕೇಳಬಹುದು ಅಂದುಕೊಂಡೆ. ಕೇಳಲಿಲ್ಲ. ಗಿಟಕಿಯ ಗಾಜಿಗೆ ಹತ್ತಿದ ಮಂಜನ್ನು ಅಂಗೈಯಿಂದ ಒರೆಸುತ್ತ ಕೂತರು. ಗುಡ್ಡ ಸರಿಯಲಿಲ್ಲ, ಬೆಳಕಾಯಿತು.

ಚುಮಾಥಾಂಗ್ ದಾಟುವ ಹೊತ್ತಿಗೆ ವಾಂತಿ ನಿಂತಿತು. ಉಪ್ಶಿಯಲ್ಲಿ ಗೆಳೆಯ ಚಹಾ ಕೇಳಿದ. ಅದು ಕೇಳಿದ ಮೇಲೆಯೇ ವೈನಿ ಸೀಟಿಗೆ ತಲೆ ಆನಿಸಿ ಕಣ್ಣು ಮುಚ್ಚಿದರು. ಲೇಹ್‌ನ ಎಸ್‌ಎನ್‌ಎಂ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಶ್ವಾಸಕೋಶ ಸ್ವಚ್ಛ ಇದೆ, ಇಳಿದದ್ದು ಒಳ್ಳೆಯದಾಯಿತು, ಇನ್ನು ಮೇಲೆ ಏರಬೇಡಿ ಅಂದರು. ಹಾನ್ಲೆಯ ಎರಡನೇ ರಾತ್ರಿಯ ದುಡ್ಡು ಕರಾರಿನಂತೆ ಐದು ಪಾಲಾಯಿತು. ಹೋಂಸ್ಟೇದ ಅಜ್ಜಿ ಅರ್ಧ ವಾಪಸ್ ಕೊಡಲು ಬಂದಿದ್ದಳು, ನಾವೇ ಬೇಡ ಅಂದೆವು. ಗೆಳೆಯ ತಾನೊಬ್ಬನೇ ತುಂಬುತ್ತೇನೆ ಅಂತ ಲೇಹ್‌ನಲ್ಲಿ ಎರಡು ದಿನ ಜಗಳ ತೆಗೆದ. ವೈನಿ ಕಾಗದದ ಹಿಂಬದಿ ತೋರಿಸಿ ಬಾಯಿ ಮುಚ್ಚಿಸಿದರು.

ಊರಿಗೆ ಬಂದು ಎರಡು ವಾರವಾಗಿತ್ತು. ಧೂಮಕೇತು ಸೂರ್ಯನ ಈಚೆ ಬದಿಗೆ ಬಂದು, ಸಂಜೆ ಪಶ್ಚಿಮದಲ್ಲಿ ಕಾಣುವ ಕಾಲ. ಆದರೆ ನಮ್ಮ ಕಡೆ ದಿನಾ ಮೋಡ, ಮಳೆ. ಅಕ್ಟೋಬರ್ ಮೂರನೇ ವಾರ ಮಳೆ ಬಿಟ್ಟ ಒಂದು ಸಂಜೆ ನಾನು ಆಫೀಸಿನಿಂದ ಹೊರಡುವಾಗ ಮೂಡಲಗಿಯಿಂದ ಫೋನ್ ಬಂತು. ಮಾವ ಹೊಲದ ಬದುವಿನ ಮೇಲೆ ನಿಂತಿದ್ದರು, ಕೈಯಲ್ಲಿ ಶಾಲೆಯಿಂದ ಇಸಿದುಕೊಂಡ ಬೈನಾಕ್ಯುಲರ್. ಪಕ್ಕದಲ್ಲಿ ಯಾರೋ ನಗುತ್ತಿದ್ದರು. ಗೋಕಾಕದಿಂದ ಬೈಕ್ ಹತ್ತಿ ಬಂದವನು.

"ಸಿಕ್ತಪಾ" ಅಂದರು ಮಾವ. "ಶುಕ್ರನ ಮ್ಯಾಲ, ಸ್ವಲ್ಪ ಬಲಕ್ಕ. ಮಸುಕ ಐತಿ, ಆದ್ರ ಬಾಲ ಕಾಣತೈತಿ. ನಿಮ್ಮಲ್ಲಿ ಮೋಡ ಇಲ್ಲಂದ್ರ ಗಚ್ಚಿ ಮ್ಯಾಲ ಹತ್ತು, ಲಗೂನ. ಇನ್ನ ಹತ್ತ ನಿಮಿಷ ಇರತೈತಿ."